ಗುಮಾಸ್ತಿಕೆಯೂ ಕಾದಂಬರಿಯೂ: ನಾ. ಡಿಸೋಜರ ಬರಹದ ಬಾಳು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ ವಿಷಯ 'ಬರಹವನ್ನು ನೆಚ್ಚಿದ ಬಾಳು' ಎಂಬುದು. ಪತ್ರಿಕೆಯವರು ಕೇಳಿದರೆ ಲೇಖನ, ಆಕಾಶವಾಣಿಯವರು ಕೇಳಿದರೆ ನಾಟಕ, ಮೇಷ್ಟ್ರು ಕೇಳಿದರೆ ಮಕ್ಕಳ ಪದ್ಯ, ಅಂಗಡಿಯವರು ಕೇಳಿದರೆ ಜಾಹೀರಾತಿನ ಒಕ್ಕಣೆ, ಹೀಗೆ ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಟ್ಟು ಜೀವನ ಸಾಗಿಸುವ ಸ್ವತಂತ್ರ ಬರಹಗಾರರು ಇಂಗ್ಲಿಷಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಚೆನ್ನೈ ಪಟ್ಟಣದಲ್ಲಿಯೂ ಸಿನಿಮಾಕ್ಕೆ, ಜಾಹೀರಾತಿಗೆ ಬರೆದು ಸಂಸಾರ ನಡೆಸುವವರಿಗೆ ಕೊರತೆಯಿಲ್ಲ. ಕನ್ನಡದಲ್ಲಿ ಮಾತ್ರ ಬರಿಯ ಲೇಖನಿಯಿಂದ ಅಕ್ಕಿ ಬೇಳೆ ತಂದವರನ್ನು ಬೆರಳಲ್ಲಿ ಎಣಿಸಬೇಕು. ಅ.ನ.ಕೃ. ಅವರಂಥವರು ಆ ಸಾಹಸ ಮಾಡಿದರು. ಉಳಿದ ಬಹುಮಂದಿ ಹಗಲು ಮೇಷ್ಟ್ರು, ಹಗಲು ಗುಮಾಸ್ತರು, ಹಗಲು ಬ್ಯಾಂಕಿನವರು. ರಾತ್ರಿ ಊಟವಾದ ಮೇಲೆ ಸಾಹಿತಿಗಳು.

ಆದ್ದರಿಂದ ನಾನು ವಿಷಯವನ್ನು ಸ್ವಲ್ಪ ನಮ್ಮ ಕಡೆಗೆ ಎಳೆದುಕೊಂಡಿದ್ದೇನೆ. ನಮ್ಮ ಹಾಗೆಯೇ ಕಚೇರಿಯ ಮೇಜಿನ ಮುಂದೆ ಕುಳಿತು, ಟೈಪ್ ಮಾಡಿ, ಕಡತ ಕಟ್ಟಿ, ಮೇಲಿನವರಿಗೆ ಟಿಪ್ಪಣಿ ಬರೆದು, ಆಮೇಲೆ ಮನೆಗೆ ಬಂದು ನಲವತ್ತರ ಆಸುಪಾಸು ಕಾದಂಬರಿಗಳನ್ನು ಬರೆದ ಒಬ್ಬರ ಬಗ್ಗೆ ಹೇಳುತ್ತೇನೆ. ಅವರೇ ಸಾಗರದ ನಾ. ಡಿಸೋಜ. 'ನಾ' ಎಂದರೆ ನಾರ್ಬರ್ಟ್. ಹುಟ್ಟಿದ್ದು 1937ರ ಜೂನ್ 6ರಂದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ, ಕೊಂಕಣಿ ಮನೆಮಾತಿನ ಕ್ರೈಸ್ತ ಕುಟುಂಬದಲ್ಲಿ. ತೀರಿಕೊಂಡದ್ದು 2025ರ ಜನವರಿ 5ರಂದು ಮಂಗಳೂರಿನಲ್ಲಿ, 87ನೆಯ ವಯಸ್ಸಿನಲ್ಲಿ.

ಹೆಸರು ಕೇಳಿದೊಡನೆ ನಮ್ಮವರಲ್ಲಿ ಕೆಲವರು ಕೇಳುವುದುಂಟು: ಕ್ರಿಶ್ಚಿಯನ್ನರೂ ಕನ್ನಡದಲ್ಲಿ ಬರೆಯುತ್ತಾರೆಯೇ ಎಂದು. ಕೇಳುವವರದು ಕೆಟ್ಟ ಮನಸ್ಸಲ್ಲ, ತಿಳಿಯದೆ ಕೇಳುತ್ತಾರೆ. ಆದರೂ ಉತ್ತರ ಹೇಳಿಯೇ ಮುಂದೆ ಹೋಗಬೇಕು. ನಾವು ದಿನವೂ ಇಲ್ಲಿ ಬಂದು ಓದುವ ಕನ್ನಡ ಪತ್ರಿಕೆ ಎಂಬ ವಸ್ತುವನ್ನು ಮೊದಲು ಹೊರಡಿಸಿದವರೇ ಪಾದ್ರಿಗಳು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದರ ನೆನಪಿಗೇ ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಫರ್ಡಿನೆಂಡ್ ಕಿಟೆಲ್ ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿಸಿದರು. ಇವರು ಹೊರನಾಡಿನವರಾಯಿತು ಎನ್ನುತ್ತೀರಾ? ಧಾರವಾಡದ ಉತ್ತಂಗಿ ಚನ್ನಪ್ಪನವರು ನಮ್ಮವರೇ, ಮಿಷನ್ನಿನ ಪಾದ್ರಿಗಳು. ಹಳ್ಳಿಹಳ್ಳಿ ತಿರುಗಿ, ಓಲೆ ಕಾಗದ ಹುಡುಕಿ, ಜನರ ಬಾಯಿಂದ ಕೇಳಿ ಸರ್ವಜ್ಞನ ತ್ರಿಪದಿಗಳನ್ನು ಒಟ್ಟುಮಾಡಿ 1924ರಲ್ಲಿ ಪುಸ್ತಕ ಮಾಡಿಕೊಟ್ಟರು. ಇಂದು ನಾವು ಮಾತುಮಾತಿಗೆ ಸರ್ವಜ್ಞನ ಹೆಸರು ಹೇಳುತ್ತೇವಲ್ಲ, ಅದಕ್ಕೆ ಆ ಪಾದ್ರಿಗಳ ಕಾಲ್ನಡಿಗೆಯೂ ಒಂದು ಕಾರಣ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದಾಗಿ 65 ವರ್ಷಗಳ ಮೇಲೆ, 2014ರ ಜನವರಿಯಲ್ಲಿ, ಮಡಿಕೇರಿಯ 80ನೆಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನಾ. ಡಿಸೋಜರು ಕುಳಿತರು.

ಅವರಿಬ್ಬರಲ್ಲಿ ಒಂದು ವ್ಯತ್ಯಾಸವುಂಟು. ಉತ್ತಂಗಿಯವರು ಪಂಡಿತರು. ಡಿಸೋಜರು ಪಂಡಿತರಲ್ಲ, ಜನ ಓದುವ ಬರಹಗಾರರು. ಅವರ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಗ ಮೇಷ್ಟ್ರಾಗದೆ ಮೈಸೂರು ರಾಜ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಟೈಪಿಸ್ಟ್, ಗುಮಾಸ್ತ, ಇಂಥ ಹುದ್ದೆಗಳು. ಕೆಲಸದ ಊರುಗಳು ಕಾರ್ಗಲ್, ಮಾಸ್ತಿಕಟ್ಟೆ, ತೀರ್ಥಹಳ್ಳಿ ಮುಂತಾದ ಮಲೆನಾಡಿನ ಊರುಗಳೇ. ಕೆಲಸ ಸಿಕ್ಕಿದ್ದು ಶರಾವತಿ ಯೋಜನೆಯಲ್ಲಿ. ಈ ಒಂದು ಸಂಗತಿಯಿಂದಲೇ ಅವರು ಇಂಥ ಬರಹಗಾರರಾದರು ಎಂದು ನನ್ನ ಅಭಿಪ್ರಾಯ. ಆದ್ದರಿಂದ ಶರಾವತಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಶರಾವತಿ ದೊಡ್ಡ ನದಿಯಲ್ಲ. ಉದ್ದ 128 ಕಿಲೋಮೀಟರ್ ಅಷ್ಟೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಕೆಳಗೆ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಆ ಧುಮುಕುವ ನೀರಿನಿಂದ ವಿದ್ಯುತ್ ತೆಗೆಯಬೇಕೆಂಬುದು ಮೈಸೂರು ಸರ್ಕಾರದ ಹಳೆಯ ಆಸೆ. ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1948ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. ಅದು ಸಾಲದೆಂದು ಜೋಗಕ್ಕೆ ಸಮೀಪದ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದನ್ನು ಕಟ್ಟಿ 1964ರಲ್ಲಿ ಮುಗಿಸಿದರು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು! ಹದಿನಾರು ವರ್ಷದ ಹಿಂದೆ ಸಂಭ್ರಮದಿಂದ ಕಟ್ಟಿದ್ದು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರು ಇಳಿದಾಗ ಆ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಜನ ಹೋಗಿ ನೋಡಿ ಬರುತ್ತಾರೆ.

ಲಿಂಗನಮಕ್ಕಿ ತುಂಬಿದರೆ ಸುಮಾರು 151 ಟಿ.ಎಂ.ಸಿ. ನೀರು. ಈ ಅಂಕಿ ಕೇಳಿದರೆ ನಮಗೇನೂ ತೋಚುವುದಿಲ್ಲ. ಚೆಂಬರಂಬಾಕ್ಕಂ ಕೆರೆ ಎಲ್ಲರಿಗೂ ಗೊತ್ತು. 2015ರ ಡಿಸೆಂಬರಿನ ಪ್ರವಾಹದ ದಿನಗಳಲ್ಲಿ ಅದರ ಹೆಸರು ಎಲ್ಲರ ಬಾಯಲ್ಲಿತ್ತು. ಆ ಕೆರೆ ತುಂಬಿದರೆ ಮೂರೂವರೆ ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಅಂಥ ನಲವತ್ತು ಕೆರೆಗಳನ್ನು ಕೂಡಿಸಿದರೆ ಲಿಂಗನಮಕ್ಕಿ. ನಮ್ಮ ಪ್ರವಾಹದ ನೀರು ಕೆಲವು ದಿನ ನಿಂತು ಇಳಿಯಿತು. ಚಾಪೆ ಒಣಗಿಸಿದೆವು, ಗೋಡೆಗೆ ಸುಣ್ಣ ಬಳಿದೆವು, ರೇಷನ್ ಕಾರ್ಡು ಮತ್ತೆ ಮಾಡಿಸಿಕೊಂಡೆವು. ಅಲ್ಲಿಯ ನೀರು ಇಳಿಯಲಿಲ್ಲ. ನೂರಕ್ಕೂ ಹೆಚ್ಚು ಹಳ್ಳಿಗಳು, ಕೆಲವು ಪೂರ್ತಿ, ಕೆಲವು ಅರೆಬರೆ, ಅಡಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ, ದೇವಸ್ಥಾನ, ಸ್ಮಶಾನ ಸಹಿತವಾಗಿ ಅಡಿಗೆ ಸೇರಿದವು.

ಯೋಜನೆಯ ಕಚೇರಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಗುಮಾಸ್ತರಾದವರು ಊಹಿಸಬಲ್ಲರು. ಇಂಜಿನಿಯರು ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತಾನೆ. ಲಿಂಗನಮಕ್ಕಿಗೆ ಆ ಗೆರೆ ಸಮುದ್ರಮಟ್ಟದಿಂದ 1819 ಅಡಿ. ಗೆರೆಯ ಕೆಳಗಿನದೆಲ್ಲ ಮುಳುಗಡೆ, ಮೇಲಿನದು ಉಳಿಗಡೆ. ಆಮೇಲೆ ಪಟ್ಟಿ ಮಾಡುವ ಕೆಲಸ. ಯಾರ ಹೆಸರಿನಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ, ಎಷ್ಟು ಫಲದ ಮರ, ಬಾವಿ ಕಲ್ಲಿನದೋ ಮಣ್ಣಿನದೋ, ಮಾಡು ಹೆಂಚಿನದೋ ಹುಲ್ಲಿನದೋ. ಭೂಸ್ವಾಧೀನ ಕಾಯಿದೆಯ ಪ್ರಕಾರ ಮೊದಲ ನೋಟೀಸು, ತಕರಾರಿನ ಗಡುವು, ಎರಡನೆಯ ಪ್ರಕಟಣೆ, ತೀರ್ಮಾನ, ಹಣ. ಪ್ರತಿಯೊಂದಕ್ಕೂ ಕಾರ್ಬನ್ ಇಟ್ಟು ನಾಲ್ಕಾರು ಪ್ರತಿ. (ಆ ಕಾಯಿದೆಯೂ 1894ರದೇ, ಕಿಟೆಲರ ನಿಘಂಟಿನ ವರ್ಷದ್ದು. 2014ರ ಜನವರಿ 1ರಂದು ಹೊಸ ಕಾಯಿದೆ ಜಾರಿಗೆ ಬಂತು, ಡಿಸೋಜರು ಮಡಿಕೇರಿಯಲ್ಲಿ ಅಧ್ಯಕ್ಷತೆ ವಹಿಸಿದ ತಿಂಗಳಲ್ಲೇ.)

ಇಲ್ಲಿ ಒಂದು ಸೂಕ್ಷ್ಮವಿದೆ. ಪರಿಹಾರ ಹೋಗುವುದು ದಾಖಲೆ ಯಾರ ಹೆಸರಿನಲ್ಲಿದೆಯೋ ಅವರ ಕಡೆಗೆ. ಸಾಗರದ ಸೀಮೆಯಲ್ಲಿ ಉಳುವವನು ಬೇರೆ, ಒಡೆಯ ಬೇರೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ರಾಮಮನೋಹರ ಲೋಹಿಯಾ ಅವರು ಬಂದು ದಸ್ತಗಿರಿಯಾದದ್ದು ಅದೇ ತಾಲ್ಲೂಕಿನಲ್ಲಿ. ಆಗ ಡಿಸೋಜರು ಹದಿನಾಲ್ಕರ ಹುಡುಗ. ಗೇಣಿದಾರನ ಕೈಯಲ್ಲಿ ಕಾಗದವಿಲ್ಲ. ಕೂಲಿಯವನಿಗಂತೂ ಕೇಳಬೇಕಾದ್ದೇ ಇಲ್ಲ. ಅಂಥವನ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ. ಜಮೀನಿದ್ದವನಿಗೂ ಎಣಿಕೆ ಪೂರ್ತಿಯಾಗುವುದಿಲ್ಲ. ಮಲೆನಾಡಿನ ಅಡಕೆ ತೋಟವೆಂದರೆ ಅದರ ಬೆನ್ನಿಗೆ ಸೊಪ್ಪಿನ ಬೆಟ್ಟ ಇರಲೇಬೇಕು. ಆ ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಹೊಸ ಜಾಗದಲ್ಲಿ ಎಕರೆಗೆ ಎಕರೆ ಕೊಟ್ಟರೂ ಈ ಸರಪಳಿಯನ್ನು ಕಟ್ಟಿಕೊಡುವವರು ಯಾರು? ನಕ್ಷೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಇಂಥ ಯೋಜನೆಯ ಕಚೇರಿಗಳಲ್ಲಿ ಸಂಬಳಕ್ಕೆ ದುಡಿದ ಯುವಕ, ಪಟ್ಟಿಯಲ್ಲಿ ಬಾರದವರ ಕಥೆಯನ್ನು ಕಾದಂಬರಿಯಲ್ಲಿ ಬರೆದರು. 'ಮುಳುಗಡೆ', 'ದ್ವೀಪ', 'ಒಡ್ಡು' ಇವು ಆ ಅನುಭವದಿಂದ ಬಂದ ಪುಸ್ತಕಗಳು. 'ಮುಳುಗಡೆಯ ಊರಿಗೆ ಬಂದವರು' ಅದೇ ವಿಷಯವನ್ನು ಮಕ್ಕಳಿಗಾಗಿ ಹೇಳಿದ್ದು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು.

'ದ್ವೀಪ'ದ ಕಥೆ ದೊಡ್ಡದಲ್ಲ. ಶರಾವತಿಯ ದಂಡೆಯ ಒಂದು ಹಳ್ಳಿ, ಪಕ್ಕದಲ್ಲಿ ಸೀತಾಪರ್ವತವೆಂಬ ಗುಡ್ಡ. ಗಣಪಯ್ಯ ಎಂಬ ಸಣ್ಣ ಹಿಡುವಳಿದಾರ, ಅವನ ಹೆಂಡತಿ ನಾಗವೇಣಿ, ವಯಸ್ಸಾದ ತಂದೆ. ಅಣೆಕಟ್ಟು ಮೇಲೇರುತ್ತಿದ್ದ ಹಾಗೆ ಮಳೆಗಾಲದಿಂದ ಮಳೆಗಾಲಕ್ಕೆ ನೀರೂ ಏರುತ್ತದೆ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಗಂಟು ಕಟ್ಟಿ ಹೋಗುತ್ತಾರೆ. ಇವರಿಗೆ ಪರಿಹಾರದ ತೀರ್ಮಾನ ಸರಿಯಾಗಿ ಆಗದೆ, ಹೋಗಲು ಮನಸ್ಸೂ ಬಾರದೆ, ಇನ್ನೊಂದು ಮಳೆಗಾಲ ನೋಡೋಣ ಎಂದು ನಿಲ್ಲುತ್ತಾರೆ. ನೀರು ಸುತ್ತ ಬಂದು ಗುಡ್ಡವೇ ದ್ವೀಪವಾಗುತ್ತದೆ. ಅಷ್ಟೆ ಕಥೆ. ಆದರೆ ಆ ಮನೆಯೊಳಗಿನ ಗಂಡಹೆಂಡಿರ ನಡುವೆ, ನೆರವಿಗೆಂದು ಬಂದ ಬಂಧುವಿನ ಸುತ್ತ, ಭಯವೂ ಸಂಶಯವೂ ಆ ನೀರಿನ ಹಾಗೆಯೇ ಗೇಣುಗೇಣಾಗಿ ಏರುವುದನ್ನು ಓದಿಯೇ ತಿಳಿಯಬೇಕು. ಕೊನೆಯನ್ನು ಹೇಳಿ ಕೆಡಿಸಲಾರೆ.

ಸರ್ಕಾರವನ್ನು ಬಯ್ದು ಕಾದಂಬರಿ ಬರೆಯುವುದು ಸುಲಭ. ಡಿಸೋಜರು ಬಯ್ಯುವುದಿಲ್ಲ. ಅಧಿಕಾರಿಯನ್ನು ರಾಕ್ಷಸನೆಂದು ಚಿತ್ರಿಸುವುದಿಲ್ಲ. ಅವನಿಗೂ ಮೇಲಿನಿಂದ ಒತ್ತಡ, ಕೆಳಗಿನಿಂದ ಅಳಲು, ನಡುವೆ ಒಂದು ಸಹಿ. ಕಚೇರಿಯ ಒಳಗನ್ನು ಬಲ್ಲವರಿಗೆ ಮಾತ್ರ ಈ ನ್ಯಾಯಬುದ್ಧಿ ಬರುತ್ತದೆ ಎಂದು ನನಗೆ ತೋರುತ್ತದೆ. ಕೆಲವರು ಆಕ್ಷೇಪಿಸಿಯಾರು: ಅಷ್ಟು ಸಂಕಟ ಕಂಡವರು ನೌಕರಿಗೆ ರಾಜೀನಾಮೆ ಕೊಡಬಾರದಿತ್ತೇ ಎಂದು. ಇದಕ್ಕೆ ನನ್ನ ಉತ್ತರ ಇಷ್ಟು. ರಾಜೀನಾಮೆ ಕೊಟ್ಟಿದ್ದರೆ ಅಣೆಕಟ್ಟು ನಿಲ್ಲುತ್ತಿರಲಿಲ್ಲ, ಆ ಕುರ್ಚಿಗೆ ಇನ್ನೊಬ್ಬ ಟೈಪಿಸ್ಟ್ ಬರುತ್ತಿದ್ದ, ಆತ ಕಾದಂಬರಿ ಬರೆಯುತ್ತಿದ್ದನೋ ಇಲ್ಲವೋ. ನಾವು ಗಿರಣಿ ಗುಮಾಸ್ತರು ಮಾಲೀಕನ ಲೆಕ್ಕ ಬರೆಯುತ್ತೇವೆಂದು ನಮ್ಮ ಕಣ್ಣನ್ನೂ ಮಾಲೀಕನಿಗೆ ಕೊಟ್ಟುಬಿಟ್ಟಿಲ್ಲವಷ್ಟೆ? ತಿಂಗಳ ಸಂಬಳ ಬರುತ್ತಿದ್ದುದರಿಂದಲೇ ಬರಹದ ವಿಷಯದಲ್ಲಿ ಯಾರ ಹಂಗೂ ಬೇಕಾಗದೆ, ತಮಗೆ ತೋಚಿದ್ದನ್ನು ಬರೆಯುವ ಅನುಕೂಲ ಅವರಿಗೆ ದೊರೆಯಿತು. ಕನ್ನಡದ ಮಟ್ಟಿಗೆ 'ಸ್ವತಂತ್ರ ಬರಹಗಾರ' ಎಂದರೆ ಬಹಳ ಸಲ ಇನ್ನೊಂದು ಕಡೆ ದಿನಗೂಲಿ ದುಡಿದವನೇ.

ಆ ಬರಹದ ಬಗೆಗಳಾದರೂ ಎಷ್ಟು! ವಾರಪತ್ರಿಕೆಗಳಿಗೆ ಸಣ್ಣಕಥೆ, ಧಾರಾವಾಹಿ. ಆಕಾಶವಾಣಿಗೆ ನಾಟಕ. ಮಕ್ಕಳಿಗೆ ಕಥೆ, ಕಾದಂಬರಿ, ನಾಟಕ. ಪತ್ರಿಕೆಗಳಿಗೆ ಲೇಖನ. ಊರೂರಿನ ಶಾಲೆ ಸಂಘಗಳಲ್ಲಿ ಭಾಷಣ. ಕೊಂಕಣಿಯಲ್ಲಿಯೂ ಬರಹ. ಇದನ್ನೆಲ್ಲ ಕಂಡು ನಮ್ಮ ವಿಮರ್ಶಕರಲ್ಲಿ ಕೆಲವರು ಬಹಳ ಕಾಲ ಮೂಗು ಮುರಿದರು. ವಾರಪತ್ರಿಕೆಗೆ ಬರೆಯುವವನು ಜನಪ್ರಿಯ, ಜನಪ್ರಿಯನಾದವನು ಗಂಭೀರನಲ್ಲ ಎಂಬುದು ಅವರ ಲೆಕ್ಕಾಚಾರ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ವಾರಪತ್ರಿಕೆಯ ಧಾರಾವಾಹಿ ಬರೆಯುವವನಿಗೆ ಒಂದು ಶಿಸ್ತು ಬೇಕು. ಗುರುವಾರಕ್ಕೆ ಕಂತು ತಲಪಬೇಕು, ಇಷ್ಟೇ ಪುಟ ಇರಬೇಕು, ಹಿಂದಿನ ವಾರ ತಪ್ಪಿಸಿಕೊಂಡವನಿಗೂ ಅರ್ಥವಾಗಬೇಕು, ಅಡುಗೆಮನೆಯಲ್ಲಿ ನಿಂತು ಓದುವ ತಾಯಿಗೂ ಬಸ್ ಸ್ಟ್ಯಾಂಡಿನಲ್ಲಿ ಓದುವ ಕಂಡಕ್ಟರಿಗೂ ರುಚಿಸಬೇಕು. ಆಕಾಶವಾಣಿಯ ನಾಟಕವಂತೂ ಇನ್ನೂ ಕಠಿಣ. ಕೇಳುಗನಿಗೆ ಕಣ್ಣಿಲ್ಲ. ನೀರು ಏರಿತೆಂಬುದನ್ನು ಮಾತಿನಲ್ಲೇ, ಸದ್ದಿನಲ್ಲೇ ತೋರಿಸಬೇಕು. ಮಕ್ಕಳ ಪುಸ್ತಕದಲ್ಲಿ ಒಂದು ಪದ ತೂಕ ತಪ್ಪಿದರೆ ಮಗು ಪುಸ್ತಕ ಮುಚ್ಚಿಟ್ಟು ಆಟಕ್ಕೆ ಓಡುತ್ತದೆ. ದೊಡ್ಡವರಾದರೆ ದಾಕ್ಷಿಣ್ಯಕ್ಕಾದರೂ ಹತ್ತು ಪುಟ ಓದುತ್ತಾರೆ. ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಟ್ಟು ಪಳಗಿದ ಕೈಯಿಂದಲೇ ಆ ತಿಳಿಯಾದ, ಅಲಂಕಾರವಿಲ್ಲದ ವಾಕ್ಯ ಬಂದಿದೆ. ಎಲ್ಲ ನಲವತ್ತು ಕಾದಂಬರಿಗಳೂ ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಕೆಲವು ಅವಸರದಲ್ಲಿ ಬರೆದವು ಎಂದು ಕಾಣುತ್ತದೆ, ಕಂತು ತುಂಬಿಸಲು ಮಾತು ಬೆಳೆಸಿದ ಕಡೆಗಳೂ ಇವೆ. ಇರಲಿ. ಬಾಳೆಗೊನೆಯಲ್ಲಿ ಎಲ್ಲ ಕಾಯೂ ಒಂದೇ ಸಮನಾಗಿ ಹಣ್ಣಾಗುತ್ತವೆಯೇ?

ಅವರ ಕ್ರೈಸ್ತತನದ ವಿಷಯವನ್ನು ಎತ್ತಿದ್ದೇನೆ, ಅದನ್ನು ಪೂರೈಸುತ್ತೇನೆ. 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಎಂಬ ಕಾದಂಬರಿಯಲ್ಲಿ ಅವರು ತಮ್ಮ ಜನರ ಕಥೆ ಹೇಳಿದ್ದಾರೆ. ಇಗರ್ಜಿ ಎಂದರೆ ಚರ್ಚು, ಕರಾವಳಿ ಮಲೆನಾಡಿನ ಕ್ರೈಸ್ತರ ಮನೆಮಾತು. ಮಲೆನಾಡಿನ ಸಣ್ಣ ಊರುಗಳ ಕ್ರೈಸ್ತರಲ್ಲಿ ಹಲವರು ಕರಾವಳಿಯಿಂದ ಘಟ್ಟ ಹತ್ತಿ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು. ಗಾರೆ ಕೆಲಸ, ಬಡಗಿ ಕೆಲಸ, ಮೇಷ್ಟ್ರ ಕೆಲಸ. ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಊರು ಬಿಟ್ಟವರು. ಆ ಪುಸ್ತಕವನ್ನು ಬಿಟ್ಟರೆ ಡಿಸೋಜರ ಬಹಳಷ್ಟು ಪಾತ್ರಗಳು ಬೇರೆ ಜಾತಿ ಮತಗಳವರು. 'ದ್ವೀಪ'ದ ಮನೆಯಲ್ಲಿ ದೇವರಿಗೆ ದೀಪ ಹಚ್ಚುವ ರೀತಿ, ಅಡುಗೆಯ ರೀತಿ, ಮಾತಿನ ವರಸೆ ಎಲ್ಲವೂ ಮಲೆನಾಡಿನ ಬ್ರಾಹ್ಮಣ ಮನೆಯದು. ಮುಖಪುಟ ಹರಿದುಹೋದ ಪ್ರತಿಯನ್ನು ಕೊಟ್ಟು, ಇದನ್ನು ಬರೆದವರು ಯಾವ ಮತದವರು ಹೇಳಿ ಎಂದರೆ ಯಾರೂ ಹೇಳಲಾರರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಇಗರ್ಜಿಯಲ್ಲಿ ಪ್ರಾರ್ಥನೆ, ಕಚೇರಿಯಲ್ಲಿ ಇಂಗ್ಲಿಷ್. ಬರೆಯಲು ಕುಳಿತಾಗ ಮುಖ್ಯವಾಗಿ ಹಿಡಿದದ್ದು ಬೀದಿಯ ಭಾಷೆಯನ್ನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮ ಮಕ್ಕಳಲ್ಲಿ ಯಾರಾದರೊಬ್ಬರು ನಾಳೆ ಈ ಕೋಯಂಬೇಡಿನ ಮಂಡಿಯ ಬಗ್ಗೆ ತಮಿಳಿನಲ್ಲಿ ಒಂದು ಒಳ್ಳೆಯ ಕಾದಂಬರಿ ಬರೆದರೆ ನಾನಂತೂ ಬೇಸರಪಡುವುದಿಲ್ಲ. ಈ ಮಾತಿಗೆ ಸಭೆಯಲ್ಲಿ ಭಿನ್ನಾಭಿಪ್ರಾಯ ಇರಬಹುದು, ಕಾಫಿಯ ಹೊತ್ತಿನಲ್ಲಿ ಚರ್ಚೆ ಮಾಡೋಣ.

ಇನ್ನು ಸಿನಿಮಾ. ಅವರ 'ಕಾಡಿನ ಬೆಂಕಿ'ಯನ್ನು ಸುರೇಶ್ ಹೆಬ್ಳೀಕರ್ 1988ರಲ್ಲಿ ಚಿತ್ರ ಮಾಡಿದರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿಯವರು ಚಿತ್ರವಾಗಿಸಿದರು. 2002ರಲ್ಲಿ ತೆರೆಗೆ ಬಂತು. ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದರ ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ. ಇಲ್ಲಿಯ ಗೆಳೆಯರಿಗೆ ಹೇಳುವುದಾದರೆ 'ಪಡೆಯಪ್ಪ'ದಲ್ಲಿ ರಜನಿಕಾಂತರ ಜೋಡಿಯಾಗಿ ಅಭಿನಯಿಸಿದ ಸೌಂದರ್ಯ. ದೊಡ್ಡ ದೊಡ್ಡ ಚಿತ್ರಗಳಲ್ಲಿ ಗಳಿಸಿದ ಹಣವನ್ನು ಆಕೆ ಒಬ್ಬ ಹಳ್ಳಿಯ ಹೆಂಗಸಿನ ಕಥೆಗೆ ಹಾಕಿದರು. ಎರಡೇ ವರ್ಷಕ್ಕೆ, 2004ರಲ್ಲಿ, ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು. ಚಿತ್ರದ ಕೊನೆಯಲ್ಲಿ, ರಾತ್ರಿಯೆಲ್ಲ ಒಬ್ಬಳೇ ಹೋರಾಡಿ ಮನೆಯನ್ನು ನೀರಿನಿಂದ ಉಳಿಸಿದವಳು ಹೆಂಡತಿ. ಬೆಳಿಗ್ಗೆ ಎದ್ದ ಗಂಡ, ದೇವರು ಕಾಪಾಡಿದ ಎನ್ನುತ್ತಾನೆ. ಆಗ ಸೌಂದರ್ಯ ಅವರ ಮುಖವನ್ನು ನೋಡಬೇಕು. ಕಾದಂಬರಿಯ ಮುಕ್ತಾಯ ಬೇರೆ ಬಗೆಯದು. ಎರಡನ್ನೂ ಓದಿ ನೋಡಿ ಹೋಲಿಸಿದರೆ ಒಂದು ಸಂಜೆಯ ಚರ್ಚೆಗೆ ಸಾಕಾದಷ್ಟು ಸಾಮಗ್ರಿಯುಂಟು.

ನೌಕರಿಯಿಂದ ನಿವೃತ್ತರಾದ ಮೇಲೂ ಅವರು ಬೆಂಗಳೂರಿಗೆ ಬರಲಿಲ್ಲ, ಸಾಗರದಲ್ಲೇ ಉಳಿದರು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುವ ಮಾತು ಸರ್ಕಾರದಲ್ಲಿ ನಡೆಯಿತು. ಮೂವತ್ತು ವರ್ಷ ಚಿಕ್ಕವರೇ ಹಿಂದೆಗೆಯುವ ಕೆಲಸಕ್ಕೆ 82 ವರ್ಷದ ಡಿಸೋಜರು ಮುಂದೆ ನಿಂತರು. ಶರಾವತಿಯನ್ನು ಉಳಿಸಬೇಕೆಂಬ ಹೋರಾಟಕ್ಕೆ ಅವರೇ ಹಿರಿಯರು. ಶಿವಮೊಗ್ಗ ಜಿಲ್ಲೆಯಲ್ಲಿ ಬಂದ್ ಆಯಿತು. ವಿದ್ಯುತ್ತಿಗೆಂದು ಒಂದು ತಲೆಮಾರು ಮನೆ ಬಿಟ್ಟುಕೊಟ್ಟಿತು, ಈಗ ನೀರನ್ನೂ ಬಿಟ್ಟುಕೊಡಬೇಕೇ ಎಂಬುದು ಅಲ್ಲಿಯವರ ಪ್ರಶ್ನೆ. ಇದಕ್ಕೆ ಕಾರಣವೂ ಇತ್ತು. ಮುಳುಗಡೆಯಾದವರಿಗೆ ಅಲ್ಲಲ್ಲಿ ಕಾಡಿನ ಅಂಚಿನಲ್ಲಿ ಜಾಗ ತೋರಿಸಿದ್ದರು. ಆ ಜಾಗದ ಹಕ್ಕುಪತ್ರದ ಗೊಂದಲ ಮೊಮ್ಮಕ್ಕಳ ಕಾಲಕ್ಕೂ ಪೂರ್ತಿ ಬಗೆಹರಿದಿಲ್ಲ. ಕಂದಾಯ ಇಲಾಖೆ ನಿಮ್ಮದು ಎನ್ನುತ್ತದೆ, ಅರಣ್ಯ ಇಲಾಖೆ ನಮ್ಮದು ಎನ್ನುತ್ತದೆ. ಅರವತ್ತು ವರ್ಷವಾದರೂ!

ಇನ್ನೊಂದು ಸಂಗತಿ. ನೀರು ನಿಂತಾಗ ತುಮರಿಯ ಸುತ್ತಿನ ಹಳ್ಳಿಗಳು ಸಾಗರ ಪೇಟೆಯಿಂದ ಕಡಿದುಹೋದವು. ಹೊಳೆ ದಾಟಿದರೆ ಸಾಗರ, ಆದರೆ ದಾಟಲು ಲಾಂಚು ಬೇಕಿತ್ತು. ಬಸ್ಸೂ ಲಾಂಚಿನ ಮೇಲೇ ದಾಟಬೇಕಿತ್ತು. ಸಂಜೆಯಾದರೆ ಲಾಂಚು ನಿಲ್ಲುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡಿನೊಳಗೆ ಬಹಳ ದೂರ ಸುತ್ತಿಕೊಂಡು ಹೋಗಬೇಕಿತ್ತು. ಡಿಸೋಜರು 'ದ್ವೀಪ' ಎಂದು ಹೆಸರಿಟ್ಟದ್ದು ಒಂದು ಮನೆಯ ಕಥೆಗೆ, ಆದರೆ ಒಂದು ಸೀಮೆಯೇ ಹಾಗಿತ್ತು. ಅಲ್ಲಿಯ ಜನ ಸೇತುವೆ ಕೊಡಿ ಎಂದು ಕೇಳುತ್ತಲೇ ಇದ್ದರು. ಸಿಗಂದೂರಿನ ಚೌಡೇಶ್ವರಿ ಕ್ಷೇತ್ರಕ್ಕೆ ಯಾತ್ರಿಕರು ಹೆಚ್ಚಿದ ಮೇಲೆ ಆ ಕೂಗಿಗೆ ಬಲ ಬಂತೆಂದು ಹೇಳಬೇಕು. ಭಕ್ತರ ಕಾರು ನಿಂತ ಮೇಲೆ ಹಳ್ಳಿಗರ ಗಾಡಿಯೂ ಕಣ್ಣಿಗೆ ಬಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರಿನ ತೂಗು ತಂತಿಯ ಸೇತುವೆ ಕಟ್ಟಿ, 2025ರ ಜುಲೈ 14ರಂದು ಉದ್ಘಾಟಿಸಿದರು. ಲಿಂಗನಮಕ್ಕಿ ಮುಗಿದು ಆಗ 61 ವರ್ಷ. ಡಿಸೋಜರು ಆರು ತಿಂಗಳ ಹಿಂದೆಯೇ ಹೋಗಿದ್ದರು.

ಶರಾವತಿಯ ಅಣೆಕಟ್ಟಿಗೆ ಕಲ್ಲು ಹೊರಲು, ಸಿಮೆಂಟು ಕಲೆಸಲು ಬಂದವರಲ್ಲಿ ಈ ತಮಿಳು ನಾಡಿನ ಕೂಲಿಗಳೂ ಇದ್ದರು. ಅವರಲ್ಲಿ ಹಲವರು ಕೆಲಸ ಮುಗಿದ ಮೇಲೆ ಹಿಂದಿರುಗದೆ ಅಲ್ಲೇ ನೆಲೆಸಿದರು. ಅವರ ಮೊಮ್ಮಕ್ಕಳು ಇಂದು ಶಿವಮೊಗ್ಗದ ಕಡೆಯ ಶಾಲೆಗಳಲ್ಲಿ ಕನ್ನಡ ಓದುತ್ತಾರೆ. ನಾವು ಇಲ್ಲಿಗೆ ಬಂದೆವು, ಅವರು ಅಲ್ಲಿಗೆ ಹೋದರು. ಕೋಲಾರದ ಟೊಮೇಟೊ ಲಾರಿಯಲ್ಲಿ ಬಂದಿಳಿಯುವ ನಮ್ಮ ಹುಡುಗರಿಗೂ ಕಾರ್ಗಲ್ಲಿನ ಆ ಕೂಲಿಗಳಿಗೂ ಅಂತರವೇನೂ ಹೆಚ್ಚಿಲ್ಲ. ಅಂಥವರ ಬಗ್ಗೆ ಕಾದಂಬರಿ ಬರೆಯುವ ಗುಮಾಸ್ತರು ಇಲ್ಲಿಯೂ ಇದ್ದರೆ ಎಷ್ಟು ಚೆನ್ನ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಕಡೆಯದಾಗಿ ಪುಸ್ತಕದ ಸಮಾಚಾರ. ನಮ್ಮ ವಾಚನಾಲಯದಲ್ಲಿ 'ದ್ವೀಪ' ಒಂದೇ ಪ್ರತಿ ಇದೆ, 'ಮುಳುಗಡೆಯ ಊರಿಗೆ ಬಂದವರು' ಎರಡು ಪ್ರತಿ. 'ದ್ವೀಪ'ಕ್ಕೆ ಈಗಲೇ ನಾಲ್ವರು ಹೆಸರು ಬರೆಸಿದ್ದಾರೆ. ಆದ್ದರಿಂದ ತೆಗೆದುಕೊಂಡವರು ಹದಿನೈದು ದಿನದ ಬದಲು ಒಂದು ವಾರದಲ್ಲಿ ಹಿಂದಿರುಗಿಸಬೇಕೆಂದು ಬೇಡುತ್ತೇನೆ. ರಾತ್ರಿ ಪಾಳಿಯ ಗೆಳೆಯರು ಒಟ್ಟಿಗೆ ಕುಳಿತು ಒಬ್ಬರು ಓದಿ ಉಳಿದವರು ಕೇಳುವುದಾದರೆ ಸಂಜೆ ಏಳರ ಮೇಲೆ ಒಳಕೋಣೆಯನ್ನು ಬಿಟ್ಟುಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.